ಶಿಕ್ಷೆಯೋ? ಶಿಕ್ಷಣವೋ?

(ಮನೆಗೆ ತಂದ ನಾಯಿಮರಿಯನ್ನು ಕುರಿತು ಶಾಲೆಯ ರಕ್ಷಕ-ಶಿಕ್ಷಕ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಇಂದಿನ ಮಾತಿಗೆ ನಾನು ಆರಿಸಿಕೊಂಡಿರುವ ವಿಷಯವನ್ನು ಕೇಳಿದೊಡನೆ ತಮ್ಮಲ್ಲಿ ಕೆಲವರಿಗಾದರೂ ನಗು ಬರಬಹುದು. ಪರೀಕ್ಷೆ, ಪಠ್ಯಕ್ರಮ, ಮುಂದಿನ ವ್ಯಾಸಂಗ ಮೊದಲಾದ ಗುರುತರವಾದ ವಿಷಯಗಳಿರುವಾಗ, ಹೊಸತಾಗಿ ಮನೆಗೆ ತಂದ ನಾಯಿಮರಿಯು ಮನೆಯೊಳಗೆ ಹೊಲಸು ಮಾಡದಂತೆ ಅದಕ್ಕೆ ಕಲಿಸುವುದು ಹೇಗೆಂಬುದನ್ನು ಕುರಿತು ಶಾಲೆಯ ಮುಖ್ಯೋಪಾಧ್ಯಾಯನು ಭಾಷಣ ಮಾಡುವುದೆ ಎಂದು ತಾವು ಕೇಳಬಹುದು. ಕಲಿಸುವುದು ನಮ್ಮ ವೃತ್ತಿ. ಕಲಿಯುವ ಜೀವ ಯಾವುದೇ ಆಗಿರಲಿ, ಕಲಿಕೆಯ ಕೆಲವು ಮೂಲ ನಿಯಮಗಳು ಒಂದೇ ಆಗಿವೆ. ಇದು ನನ್ನ ಮೊದಲ ಉತ್ತರ. ಎರಡನೆಯ ಉತ್ತರವು ಇದಕ್ಕಿಂತ ಮುಖ್ಯವಾದುದು. ಅದನ್ನು ಭಾಷಣದ ಕೊನೆಗೆ ಅರಿಕೆ ಮಾಡುತ್ತೇನೆ.

ನಮ್ಮ ಕಾಸರಗೋಡು ಸೀಮೆಯಲ್ಲಿ ಅಂಗಳ, ತೋಟ, ಹಟ್ಟಿಗಳಿರುವ ಮನೆಗಳಿಗೆ ನಾಯಿ ಹೊಸತಲ್ಲ. ರಾತ್ರಿಯ ಹೊತ್ತು ತೋಟಕ್ಕೆ ಬರುವ ಕಾಡುಹಂದಿಯನ್ನು ಅಟ್ಟುವುದಕ್ಕೆ, ಅಪರಿಚಿತರು ಬಂದರೆ ತಿಳಿಸುವುದಕ್ಕೆ ಅದು ಬೇಕು. ಕನ್ನಡಿಗರು ನಾಯಿಯ ಋಣವನ್ನು ಕಲ್ಲಿನಲ್ಲಿ ಬರೆಸಿದವರು. ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತ 'ಕಾಳಿ' ಎಂಬ ನಾಯಿಯ ನೆನಪಿಗಾಗಿ ನಿಲ್ಲಿಸಿದ ವೀರಗಲ್ಲು ಮಂಡ್ಯ ಸೀಮೆಯ ಆತಕೂರಿನಲ್ಲಿ ದೊರೆತಿದೆ. ಅದರ ಶಾಸನದ ಕಾಲ ಕ್ರಿ. ಶ. 949-50. ಆದರೆ ಇಂದು ನಾಯಿಮರಿಗಳ ಗತಿ ಏನಾಗುತ್ತಿದೆ? ಮಕ್ಕಳು ಆಸೆಯಿಂದ ಮರಿಯನ್ನು ಎತ್ತಿಕೊಂಡು ಬರುತ್ತಾರೆ. ಮೊದಲ ವಾರ ಅದಕ್ಕೆ ಹಾಲು, ಮುದ್ದು, ಹೆಸರಿಡುವ ಸಂಭ್ರಮ. ಎರಡನೆಯ ವಾರ ಜಗಲಿಯಲ್ಲಿ ಹೊಲಸು, ಚಾಪೆಯ ಮೇಲೆ ಹೊಲಸು, ಮನೆಯವರಿಗೆ ಕೋಪ. ತಿಂಗಳು ತುಂಬುವುದರೊಳಗೆ ಆ ಮರಿ ಗೋಣಿಚೀಲದೊಳಗೆ ಸೇರಿ, ಮೀನುಮಾರುಕಟ್ಟೆಯ ಬಳಿಯಲ್ಲೋ ಸೇತುವೆಯ ಬದಿಯಲ್ಲೋ ಇಳಿಯುತ್ತದೆ. ಬೀದಿನಾಯಿಗಳ ಉಪದ್ರವವನ್ನು ಕುರಿತು ನಾವೆಲ್ಲರೂ ದೂರುತ್ತೇವೆ. ಆ ನಾಯಿಗಳಲ್ಲಿ ಕೆಲವು ಹೀಗೆ ನಮ್ಮ ಮನೆಗಳಿಂದಲೇ ಬೀದಿಗೆ ಹೋದವು ಎಂಬುದನ್ನು ಮಾತ್ರ ಮರೆಯುತ್ತೇವೆ.

ನಾಯಿ ಸ್ವಭಾವತಃ ಕೊಳಕು ಪ್ರಾಣಿ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಇದು ತಪ್ಪು. ಹುಟ್ಟಿದ ಮೊದಲ ಮೂರು ವಾರಗಳ ಕಾಲ ಮರಿಗೆ ತಾನಾಗಿ ಮಲಮೂತ್ರ ವಿಸರ್ಜನೆ ಮಾಡುವ ಶಕ್ತಿಯೇ ಇರುವುದಿಲ್ಲ. ತಾಯಿ ನೆಕ್ಕಿ ಪ್ರಚೋದಿಸುತ್ತದೆ. ನೆಕ್ಕಿಯೇ ಮಲಗುವ ಜಾಗವನ್ನು ಶುಚಿಯಾಗಿರಿಸುತ್ತದೆ. ಕಣ್ಣು ತೆರೆದು ಕಾಲು ಗಟ್ಟಿಯಾದೊಡನೆ ಮರಿಗಳು ತೆವಳಿಕೊಂಡಾದರೂ ಮಲಗುವ ಸ್ಥಳವನ್ನು ಬಿಟ್ಟು ಆಚೆಗೆ ಹೋಗಿ ಆ ಕೆಲಸವನ್ನು ಮುಗಿಸುತ್ತವೆ. ಎಂದರೆ, ಮಲಗುವ ಮನೆಯನ್ನು ಹೊಲಸು ಮಾಡಬಾರದು ಎಂಬ ಮೊದಲ ಪಾಠವನ್ನು ಮರಿ ತಾಯಿಯ ಶಾಲೆಯಲ್ಲೇ ಕಲಿತಿರುತ್ತದೆ. ಆದುದರಿಂದ ಎರಡು ತಿಂಗಳು ತುಂಬುವ ಮೊದಲೇ ಮರಿಯನ್ನು ತಾಯಿಯಿಂದ ಅಗಲಿಸಬಾರದು. ನಾವು ಮುಂದುವರಿಸಬೇಕಾದುದು ಎರಡನೆಯ ಪಾಠವನ್ನು: ಮಲಗುವ ಮೂಲೆ ಮಾತ್ರವಲ್ಲ, ಈ ಜಗಲಿ, ಈ ಚಾವಡಿ, ಈ ಅಡುಗೆಮನೆ ಎಲ್ಲವೂ 'ಮನೆ'ಯೇ ಎಂಬುದನ್ನು. ಅಂಗೈಯಗಲದ ಗೂಡಿನಲ್ಲಿ ಬೆಳೆದ ಜೀವಕ್ಕೆ ಇಷ್ಟು ದೊಡ್ಡ ಮನೆಯ ಎಲ್ಲೆ ತಿಳಿಯುವುದಕ್ಕೆ ಕಾಲ ಬೇಡವೆ?

ಇನ್ನು ವಿಧಾನದ ಮಾತು. ಮೊದಲನೆಯದು ಕಾಲನಿಯಮ. ಮರಿಗೆ ಹೊರಗೆ ಹೋಗಬೇಕಾಗುವ ಸಮಯಗಳು ಯಾವುವೆಂದು ನೋಡಿದರೆ ಅವು ನಾಲ್ಕೇ ನಾಲ್ಕು: ನಿದ್ದೆಯಿಂದ ಎದ್ದೊಡನೆ, ಊಟವಾದ ಕಾಲು ಗಂಟೆಯಿಂದ ಅರ್ಧ ಗಂಟೆಯೊಳಗೆ, ಆಟವಾಡಿದ ಬಳಿಕ, ರಾತ್ರಿ ಮಲಗುವ ಮುನ್ನ. ಹೊಟ್ಟೆಗೆ ಆಹಾರ ಬಿದ್ದೊಡನೆ ದೊಡ್ಡ ಕರುಳು ಚಲಿಸತೊಡಗುವುದು ಶರೀರಧರ್ಮ. ಎರಡು ತಿಂಗಳ ಮರಿ ಎಚ್ಚರವಾಗಿರುವಾಗ ಎರಡು ಗಂಟೆಗೊಮ್ಮೆ, ಹೆಚ್ಚೆಂದರೆ ಮೂರು ಗಂಟೆಗೊಮ್ಮೆ ಹೊರಗೆ ಹೋಗಲೇಬೇಕು. ಅದಕ್ಕಿಂತ ಹೆಚ್ಚು ಹೊತ್ತು ತಡೆದುಕೊಳ್ಳುವ ಶಕ್ತಿ ಅದರ ಮೂತ್ರಕೋಶಕ್ಕೆ ಇಲ್ಲ. ತಿಂಗಳು ತಿಂಗಳಿಗೆ ಆ ಶಕ್ತಿ ಹೆಚ್ಚುತ್ತದೆ. ಆದುದರಿಂದ ಊಟವನ್ನು ಹೊತ್ತಿಗೆ ಸರಿಯಾಗಿ ಕೊಡಬೇಕು. ದಿನವಿಡೀ ತಟ್ಟೆಯಲ್ಲಿ ಅನ್ನ ಇಟ್ಟು, ಅದು ತಿಂದಾಗ ತಿನ್ನಲಿ ಎಂದು ಬಿಟ್ಟರೆ, ಹೊರಗೆ ಹೋಗುವ ಹೊತ್ತೂ ಕೆಡುತ್ತದೆ. ಮರಿ ಮೂಗನ್ನು ನೆಲಕ್ಕೆ ತಾಗಿಸಿ ಮೂಸುತ್ತ ಸುತ್ತು ಹಾಕತೊಡಗಿದರೆ, ಅಥವಾ ಆಟದ ನಡುವೆ ಒಮ್ಮೆಗೇ ಮೂಲೆಯ ಕಡೆಗೆ ನಡೆದರೆ, ಅದು ಕೈ ಎತ್ತಿ 'ಸಾರ್, ಹೊರಗೆ ಹೋಗಲೇ?' ಎಂದು ಕೇಳಿದ ಹಾಗೆ ಎಂದು ತಿಳಿಯಬೇಕು.

ರಾತ್ರಿ ಯಾರು ಏಳಬೇಕು? ಮಕ್ಕಳೇ, ಈ ಪ್ರಶ್ನೆ ನಿಮಗೆ. 'ನಾನೇ ನೋಡಿಕೊಳ್ಳುತ್ತೇನೆ' ಎಂದು ಅಪ್ಪನಿಗೂ ಅಮ್ಮನಿಗೂ ಮಾತು ಕೊಟ್ಟು ತಾನೆ ನೀವು ಮರಿಯನ್ನು ತಂದದ್ದು? ಮಲಗುವ ಮುಂಚೆ ಒಮ್ಮೆ, ಮುಂಜಾನೆ ಎದ್ದೊಡನೆ ಒಮ್ಮೆ ಅದನ್ನು ನೀವೇ ಅಂಗಳಕ್ಕೆ ಒಯ್ಯಬೇಕು. ಮೊದಲ ಕೆಲವು ವಾರ ನಡುರಾತ್ರಿಯೂ ಒಮ್ಮೆ ಏಳಬೇಕಾಗುತ್ತದೆ. ಅದಕ್ಕೆ ಹಿರಿಯರ ಸಹಾಯವನ್ನು ಕೇಳಿ. ಕತ್ತಲಲ್ಲಿ ಒಬ್ಬರೇ ಅಂಗಳಕ್ಕೆ ಇಳಿಯಬೇಡಿ, ದೀಪವಿಲ್ಲದೆ ಕಾಲಿಡಬೇಡಿ. ಹಾವಿನ ಭಯವಿರುವ ಸೀಮೆ ನಮ್ಮದು.

ಎರಡನೆಯದು ಸ್ಥಳನಿಯಮ. ಅಂಗಳದ ಆಚೆ ಒಂದು ಮೂಲೆಯನ್ನು ಗೊತ್ತು ಮಾಡಿ, ಪ್ರತಿಸಲವೂ ಮರಿಯನ್ನು ಅಲ್ಲಿಗೇ ಒಯ್ಯಬೇಕು. ಅದು ಬಾವಿಕಟ್ಟೆಯ ಬಳಿಯಲ್ಲಿ ಇರಬಾರದು. ಮಕ್ಕಳು ಬರಿಗಾಲಲ್ಲಿ ಆಡುವ ಜಾಗದಲ್ಲೂ ಇರಬಾರದು. ಮರಿಯ ಪಾದಕ್ಕೆ ತಾಗುವ ನೆಲವೂ ಒಂದು ಪಾಠವೇ ಆಗಿದೆ. ಎರಡು ತಿಂಗಳ ಪ್ರಾಯದಲ್ಲಿ ಯಾವ ಬಗೆಯ ನೆಲದ ಮೇಲೆ ಅದು ರೂಢಿ ಮಾಡಿಕೊಳ್ಳುತ್ತದೆಯೋ, ಮುಂದೆಯೂ ಅಂಥ ನೆಲವನ್ನೇ ಹುಡುಕುತ್ತದೆ. ಮರಿಗೆಂದು ಮೂಲೆಯಲ್ಲಿ ಗೋಣಿಯ ತುಂಡನ್ನು ಹಾಸಿ ಅದರ ಮೇಲೆ ಉಚ್ಚೆ ಹೊಯ್ಯುವುದಕ್ಕೆ ರೂಢಿ ಮಾಡಿಸಿದರೆ, ಬಾಗಿಲಲ್ಲಿ ಕಾಲೊರಸುವುದಕ್ಕೆ ಹಾಕಿದ ಗೋಣಿಯೂ ಅದಕ್ಕೆ ಅದೇ ಆಗಿ ಕಂಡರೆ ತಪ್ಪು ಯಾರದು? ಮಣ್ಣು, ಮರಳು, ಹುಲ್ಲು ಇವೇ ಒಳ್ಳೆಯವು.

ನಮ್ಮಲ್ಲಿ ನಿಜವಾದ ಕಷ್ಟವಿರುವುದು ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗೆ. ಮಳೆ ಹಗಲಿರುಳು ಸುರಿಯುವಾಗ ದೊಡ್ಡ ನಾಯಿಗಳೇ ಅಂಗಳಕ್ಕಿಳಿಯಲು ಹಿಂಜರಿಯುತ್ತವೆ. ಮರಿಯ ಮಾತು ಹೇಳಬೇಕೆ? ಹಟ್ಟಿಯ ಬದಿಗೋ ಕಟ್ಟಿಗೆಕೊಟ್ಟಿಗೆಯ ಬದಿಗೋ ನಾಲ್ಕು ಕೋಲು ನೆಟ್ಟು, ಮೇಲೆ ಸೋಗೆಯನ್ನೋ ಹಳೆಯ ತಗಡನ್ನೋ ಹೊದೆಸಿ, ಕೆಳಗೆ ಮರಳು ಹರಡಿದರೆ ಸಾಕು; ಮರಿಗೆ ಮಳೆಗಾಲದ ಪಾಠಶಾಲೆ ಸಿದ್ಧವಾಯಿತು. ನೀವು ಕೊಡೆ ಹಿಡಿದೋ ತಲೆಗೆ ಹಾಳೆಟೊಪ್ಪಿ ಇಟ್ಟುಕೊಂಡೋ ಜೊತೆಯಲ್ಲಿ ನಿಲ್ಲಬೇಕು. ಬಾಗಿಲು ತೆರೆದು ಮರಿಯನ್ನು ಮಳೆಗೆ ತಳ್ಳಿ, ಒಳಗಿನಿಂದ ಅಗುಳಿ ಹಾಕಿದರೆ ಅದು ಕಲಿಯುವುದು ಒಂದನ್ನೇ: ಹೊರಗೆ ಹೋಗುವುದೆಂದರೆ ದಂಡನೆ. ಆಮೇಲೆ ಅದು ಬಾಗಿಲ ಬಳಿ ನಡುಗುತ್ತ ಕುಳಿತಿದ್ದು, ಒಳಗೆ ಬಿಟ್ಟೊಡನೆ ಒಳಗೇ ಹೊಲಸು ಮಾಡುತ್ತದೆ.

ಮೂರನೆಯದು ಮಾತಿನ ನಿಯಮ. ನಮ್ಮದು ಹಲವು ಭಾಷೆಗಳ ನೆಲ. ಒಂದೇ ಮನೆಯಲ್ಲಿ ಅಜ್ಜಿ ಮರಿಗೆ 'ಪಿದಾಯಿ ಪೋ' ಎನ್ನುತ್ತಾರೆ. ತೋಟದ ಕೆಲಸಕ್ಕೆ ಬಂದವರು 'ಪೊರತ್ತ್ ಪೋ' ಎನ್ನುತ್ತಾರೆ. ಅಪ್ಪ 'ಹೊರಗೆ ನಡೆ' ಎನ್ನುತ್ತಾರೆ. ಮಗ 'ಔಟ್, ಔಟ್' ಎನ್ನುತ್ತಾನೆ. ಪಾಪದ ಮರಿ ನಾಲ್ವರ ಮುಖವನ್ನೂ ನೋಡಿ ಬಾಲ ಅಲ್ಲಾಡಿಸುತ್ತದೆ. ನಾಯಿಗೆ ಇಂಗ್ಲಿಷಿನಲ್ಲೇ ಅಪ್ಪಣೆ ಕೊಡಬೇಕೆಂಬ ನಂಬಿಕೆ ಎಲ್ಲಿಂದ ಬಂತೋ ತಿಳಿಯದು. ಮನೆಯಲ್ಲಿ ಯಾರೂ ಆಡದ ಭಾಷೆಯನ್ನು ನಾಯಿಯೊಡನೆ ಮಾತ್ರ ಆಡುವವರಿದ್ದಾರೆ. ನಾಯಿಗೆ ಯಾವ ಭಾಷೆಯಾದರೂ ಸಮ. ಅದಕ್ಕೆ ಬೇಕಾದುದು ಎಲ್ಲರ ಬಾಯಿಂದಲೂ ಬರುವ ಒಂದೇ ಮಾತು, ಒಂದೇ ಧ್ವನಿ. ಮನೆಮಂದಿ ಕುಳಿತು ಒಂದು ಮಾತನ್ನು ಗೊತ್ತು ಮಾಡಿಕೊಳ್ಳಿ. 'ಹೊರಗೆ' ಎಂದಿರಲಿ, ಮರಿಯನ್ನು ಆ ಮೂಲೆಗೆ ಒಯ್ಯುವಾಗಲೆಲ್ಲ ಮೃದುವಾಗಿ ಅದನ್ನೇ ಹೇಳಿರಿ.

ನಾಲ್ಕನೆಯದು ಮೆಚ್ಚುಗೆ. ಮರಿ ಆ ಮೂಲೆಯಲ್ಲಿ ಕೆಲಸ ಮುಗಿಸಿದ ಆ ಕ್ಷಣದಲ್ಲೇ, ಅಲ್ಲಿಯೇ, ಬೆನ್ನು ಸವರಿ 'ಜಾಣ' ಎನ್ನಬೇಕು. ದೋಸೆಯ ಒಂದು ಚೂರನ್ನು ಕೊಡಬೇಕು. ಮನೆಯೊಳಗೆ ಬಂದಮೇಲೆ ಕೊಟ್ಟರೆ ಅದು ಒಳಗೆ ಬಂದುದಕ್ಕೆ ದೊರೆತ ಬಹುಮಾನ ಎಂದೇ ಮರಿ ತಿಳಿಯುತ್ತದೆ. ಬಿ. ಟಿ. ತರಗತಿಯಲ್ಲಿ ಓದಿದ ಅಧ್ಯಾಪಕರಿಗೆಲ್ಲ ಥಾರ್ನ್‌ಡೈಕನ ಹೆಸರು ಪರಿಚಿತ. ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು ಅವು ಚಿಲಕ ತೆಗೆಯುವುದನ್ನು ಕಲಿಯುವ ಬಗೆಯನ್ನು ಆತನು 1898ರಲ್ಲಿ ವಿವರಿಸಿದನು. ತೃಪ್ತಿ ತಂದ ಕ್ರಿಯೆ ಬೇರೂರುತ್ತದೆ, ಅತೃಪ್ತಿ ತಂದ ಕ್ರಿಯೆ ಕಳಚಿಹೋಗುತ್ತದೆ ಎಂಬುದು ಆತನ ಮೊದಲ ನಿಯಮ. ಆದರೆ 1930ರ ದಶಕದಲ್ಲಿ ಆತನೇ ಅದನ್ನು ತಿದ್ದಿದನು: ಬಹುಮಾನವು ಕಲಿಕೆಯನ್ನು ಬಲಪಡಿಸುವಷ್ಟು ಖಚಿತವಾಗಿ ದಂಡನೆಯು ತಪ್ಪನ್ನು ಅಳಿಸುವುದಿಲ್ಲ ಎಂದು ಕಂಡುಕೊಂಡನು. ಮೊದಲ ಅರ್ಧವನ್ನು ನೆನಪಿಟ್ಟುಕೊಂಡ ನಾವು ಈ ತಿದ್ದುಪಡಿಯನ್ನು ಮರೆತುಬಿಡುತ್ತೇವೆ.

ಇಲ್ಲಿಗೆ ನಾನು ಹೊಡೆತದ ವಿಷಯಕ್ಕೆ ಬಂದೆ. ಮರಿ ಜಗಲಿಯಲ್ಲಿ ಹೊಲಸು ಮಾಡಿತು. ಅರ್ಧ ಗಂಟೆಯ ಬಳಿಕ ನಾವು ಕಂಡೆವು. ಕುತ್ತಿಗೆ ಹಿಡಿದು ಎಳೆದು ತಂದು, ಅದರ ಮೂಗನ್ನು ಆ ಹೊಲಸಿಗೆ ಒರಸಿ, ಹಿಡಿಸೂಡಿಯಿಂದ ನಾಲ್ಕು ಬಾರಿಸುವುದು ಬಹು ಮನೆಗಳಲ್ಲಿರುವ ಪದ್ಧತಿ. 'ಅದಕ್ಕೆ ತಪ್ಪು ಗೊತ್ತಿದೆ, ನೋಡಿ ಹೇಗೆ ಬಾಲ ಮುದುರಿಕೊಂಡಿದೆ' ಎಂದು ನಾವು ಹೇಳುವುದೂ ಉಂಟು. ಈ ಮಾತನ್ನು ಅಮೆರಿಕದ ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ವಿದುಷಿ ಪರೀಕ್ಷೆಗೆ ಒಡ್ಡಿದರು. 2009ರಲ್ಲಿ ಅದರ ಫಲ ಪ್ರಕಟವಾಯಿತು. ಹದಿನಾಲ್ಕು ನಾಯಿಗಳ ಮುಂದೆ ತಿಂಡಿಯನ್ನಿಟ್ಟು, ತಿನ್ನಬಾರದೆಂದು ಹೇಳಿ ಒಡೆಯರು ಹೊರಗೆ ಹೋದರು. ತಿರುಗಿ ಬಂದ ಒಡೆಯರಿಗೆ ಕೆಲವೊಮ್ಮೆ ನಿಜವನ್ನೂ ಕೆಲವೊಮ್ಮೆ ಸುಳ್ಳನ್ನೂ ಹೇಳಲಾಯಿತು. ನಾಯಿ ತಿಂದಿತೆಂದು ನಂಬಿದಾಗ ಅವರು ಅದನ್ನು ಗದರಿಸಿದರು. ಬಾಲ ಮುದುರಿ ಕಣ್ಣು ತಪ್ಪಿಸುವ ಆ 'ಅಪರಾಧಿಯ ಮುಖ'ವು ಗದರಿಕೆಯ ಫಲವೇ ಹೊರತು ತಪ್ಪಿನ ಅರಿವಲ್ಲ ಎಂದು ಕಂಡುಬಂತು. ತಪ್ಪನ್ನೇ ಮಾಡದೆ ಬೈಸಿಕೊಂಡ ನಾಯಿಗಳಲ್ಲಿ ಅದು ಇನ್ನಷ್ಟು ಹೆಚ್ಚಾಗಿ ತೋರಿತು. ಅರ್ಧ ಗಂಟೆಯ ಹಿಂದಿನ ಕೆಲಸಕ್ಕೂ ಈಗಿನ ಏಟಿಗೂ ಇರುವ ಸಂಬಂಧ ಮರಿಗೆ ತಿಳಿಯದು. ನೆಲದಲ್ಲಿ ಹೊಲಸಿದೆ, ಎದುರಿಗೆ ಯಜಮಾನನಿದ್ದಾನೆ, ನನಗೆ ಏಟು ಬೀಳುತ್ತದೆ ಎಂದಷ್ಟೇ ಅದು ಅರಿಯುತ್ತದೆ. ಆದುದರಿಂದ ಮರುದಿನ ಏನು ಮಾಡುತ್ತದೆ? ಅಟ್ಟದ ಮೆಟ್ಟಿಲ ಅಡಿಯಲ್ಲಿ, ಕಟ್ಟಿಗೆರಾಶಿಯ ಹಿಂದೆ, ಯಾರ ಕಣ್ಣಿಗೂ ಬೀಳದ ಕಡೆ ಅದೇ ಕೆಲಸವನ್ನು ಮಾಡುತ್ತದೆ. ಅಂಗಳಕ್ಕೆ ಒಯ್ದರೂ ನಮ್ಮ ಎದುರಿನಲ್ಲಿ ಮಾಡದೆ ತಡೆದುಕೊಳ್ಳುತ್ತದೆ. ನಾವು ಕಲಿಸಹೊರಟದ್ದು ಶುಚಿತ್ವವನ್ನು. ಅದು ಕಲಿತದ್ದು ಅಡಗಿಸುವುದನ್ನು.

ಮಹಾಭಾರತದ ಆದಿಪರ್ವದಲ್ಲಿ ಒಂದು ನಾಯಿಮರಿಯ ಕಥೆ ಬರುತ್ತದೆ. ಜನಮೇಜಯನು ಸತ್ರಯಾಗ ಮಾಡುತ್ತಿದ್ದಾಗ ದೇವಶುನಿ ಸರಮೆಯ ಮರಿ ಅಲ್ಲಿಗೆ ಬಂತು. ರಾಜನ ತಮ್ಮಂದಿರು ಅದನ್ನು ಹೊಡೆದು ಅಟ್ಟಿದರು. ಅದು ಅಳುತ್ತ ಹೋಗಿ, 'ನಾನು ಹವಿಸ್ಸನ್ನು ನೋಡಲೂ ಇಲ್ಲ, ನೆಕ್ಕಲೂ ಇಲ್ಲ' ಎಂದು ತಾಯಿಗೆ ಹೇಳಿತು. ನಿರಪರಾಧಿಯಾದ ನನ್ನ ಮಗನನ್ನು ಏತಕ್ಕೆ ಹೊಡೆದಿರಿ ಎಂದು ಸರಮೆ ಬಂದು ಕೇಳಿದಾಗ ಅವರಲ್ಲಿ ಉತ್ತರವಿರಲಿಲ್ಲ. 'ಕಾಣದ ಭಯವೊಂದು ನಿಮಗೆ ಬರಲಿ' ಎಂದು ಅವಳು ಶಪಿಸಿದಳು. ಕಾರಣ ತಿಳಿಯದೆ ಪೆಟ್ಟು ತಿಂದ ಮರಿಯ ಪಾಲಿಗೆ ನಾವೆಲ್ಲರೂ ಆ ರಾಜಕುಮಾರರೇ ಅಲ್ಲವೆ?

ಹಾಗಾದರೆ ಮರಿ ತಪ್ಪಿದಾಗ ಏನು ಮಾಡಬೇಕು? ಮಾಡುತ್ತಿರುವಾಗಲೇ ಕಂಡರೆ, ಚಪ್ಪಾಳೆ ತಟ್ಟಿ ಅದರ ಗಮನ ಸೆಳೆದು, ಎತ್ತಿಕೊಂಡು ಹೊರಗೆ ಒಯ್ದು, ಅಲ್ಲಿ ಮುಗಿಸಿದರೆ ಮೆಚ್ಚಬೇಕು. ಆಮೇಲೆ ಕಂಡರೆ ಸುಮ್ಮನೆ ಶುಚಿ ಮಾಡಬೇಕು. ಮರಿಯನ್ನು ಏನೂ ಅನ್ನಬಾರದು. ಶುಚಿ ಮಾಡುವುದೂ ಮುಖ್ಯವಾದ ಕೆಲಸ. ನಮ್ಮ ಮೂಗಿಗೆ ಹೋದ ವಾಸನೆ ನಾಯಿಯ ಮೂಗಿಗೆ ಹೋಗಿರುವುದಿಲ್ಲ. ವಾಸನೆ ಇದ್ದಲ್ಲಿಗೇ ಅದು ತಿರುಗಿ ಬರುತ್ತದೆ. ಹಳೆಯ ಬಟ್ಟೆಯಿಂದ ಒತ್ತಿ ಹೀರಿಸಿ, ಸಾಬೂನಿನ ನೀರಿನಿಂದ ತೊಳೆದು, ನೀರು ಬೆರಸಿದ ವಿನೆಗರಿನಿಂದ ಒರಸಿ ಒಣಗಲು ಬಿಡಬೇಕು. ಚಾಪೆಯನ್ನು ಬಿಸಿಲಿಗೆ ಹಾಕಬೇಕು. ಫಿನೈಲನ್ನು ಸುರಿದರೆ ವಾಸನೆಯ ಮೇಲೆ ವಾಸನೆ ಸೇರುತ್ತದೆಯೇ ಹೊರತು ಮೊದಲಿನದು ಹೋಗದು. ಮೇಲಾಗಿ ಮರಿ ಅದನ್ನು ನೆಕ್ಕಿದರೆ ಅಪಾಯ.

ಮರಿಯ ಮಲವನ್ನು ಆಗಿಂದಾಗ್ಗೆ ತೆಗೆದು ಮಣ್ಣಿನಲ್ಲಿ ಆಳವಾಗಿ ಹೂಳುವುದಕ್ಕೆ ಅಸಹ್ಯದ ಹೊರತು ಬೇರೊಂದು ಕಾರಣವೂ ಇದೆ. ಹೆಚ್ಚಿನ ಮರಿಗಳಿಗೆ ತಾಯಿಯ ಗರ್ಭದಿಂದಲೂ ಮೊಲೆಹಾಲಿನಿಂದಲೂ ಜಂತುಹುಳು ಬಂದಿರುತ್ತದೆ. ಅದರ ಮೊಟ್ಟೆಗಳು ಮಲದೊಡನೆ ಮಣ್ಣಿಗೆ ಸೇರಿ, ಕೆಲವು ವಾರಗಳಲ್ಲಿ ಬಲಿತು, ಕೈತೊಳೆಯದೆ ಉಣ್ಣುವ ಮಗುವಿನ ಹೊಟ್ಟೆಯನ್ನು ಸೇರಬಲ್ಲವು. ಅಪರೂಪವಾಗಿ ಕಣ್ಣಿಗೂ ಕೇಡು ಮಾಡಬಲ್ಲವು. ಆದುದರಿಂದ ಮರಿಯನ್ನು ಮೃಗಾಸ್ಪತ್ರೆಗೆ ಒಯ್ದು ವೈದ್ಯರು ಹೇಳಿದ ಕ್ರಮದಲ್ಲಿ ಜಂತಿನ ಮದ್ದು ಕೊಡಿಸಿರಿ. ಮೂರು ತಿಂಗಳು ತುಂಬಿದೊಡನೆ ರೇಬೀಸ್ ಲಸಿಕೆ ಹಾಕಿಸಿರಿ. ಪಂಚಾಯತಿನ ಪರವಾನಿಗೆಯನ್ನೂ ಮಾಡಿಸಿರಿ.

ಈಗ, ಮೊದಲಲ್ಲಿ ಹೇಳಿದ ಆ ಎರಡನೆಯ ಉತ್ತರ. ಮೂರು ತಿಂಗಳು ತುಂಬದ ಮರಿಗೆ ಲಸಿಕೆಯ ರಕ್ಷಣೆ ಇರುವುದಿಲ್ಲ. ಎಲ್ಲಿಂದಲೋ ಎತ್ತಿ ತಂದ ಮರಿಗೆ ರೇಬೀಸ್ ತಗುಲಿರಲಾರದೆಂದು ಯಾರೂ ಹೇಳುವಂತಿಲ್ಲ. ಮರಿಯ ಹಲ್ಲು ಸೂಜಿಯ ಮೊನೆಯಂತೆ. ಆಟದಲ್ಲಿ ಅದು ಕಚ್ಚುತ್ತದೆ, ಪರಚುತ್ತದೆ. ಈ ರೋಗದ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡ ಮೇಲೆ ಮರಣವು ಬಹುತೇಕ ನಿಶ್ಚಿತ. ಆದರೆ ಕಚ್ಚಿದೊಡನೆ ಚಿಕಿತ್ಸೆ ಮಾಡಿದರೆ ಅದನ್ನು ತಡೆಯಬಹುದು. 1885ರಲ್ಲಿ ಲೂಯಿ ಪಾಶ್ಚರನು ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಬಾಲಕನನ್ನು ಹೀಗೆ ಉಳಿಸಿದನು. ನಮ್ಮ ದಕ್ಷಿಣದಲ್ಲಿ ನೀಲಗಿರಿಯ ಕೂನೂರಿನಲ್ಲಿ 1907ರಲ್ಲೇ ಪಾಶ್ಚರ್ ಸಂಸ್ಥೆ ಆರಂಭವಾಯಿತು. ಇಂದು ಸರಕಾರಿ ಆಸ್ಪತ್ರೆಗಳಲ್ಲಿ ಲಸಿಕೆ ದೊರೆಯುತ್ತದೆ. ಗಾಯ ಎಷ್ಟೇ ಸಣ್ಣದಿರಲಿ, ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ಅಂದೇ ವೈದ್ಯರ ಬಳಿಗೆ ಹೋಗಬೇಕು. ಅವರು ಹೇಳಿದ ದಿನಗಳಲ್ಲಿ ಒಂದನ್ನೂ ಬಿಡದೆ ಚುಚ್ಚುಮದ್ದು ತೆಗೆದುಕೊಳ್ಳಬೇಕು. ಅರಸಿನ, ಸುಣ್ಣ, ಮೆಣಸಿನ ಪುಡಿ ಇವನ್ನು ಗಾಯಕ್ಕೆ ಹಚ್ಚಿ ಕಾಯುತ್ತ ಕುಳಿತರೆ ಕಾಲ ಮೀರಿಹೋಗುತ್ತದೆ.

ಮದ್ದು ಇದೆ, ಆಸ್ಪತ್ರೆ ಇದೆ. ಆದರೂ ಅಪಾಯ ಉಳಿದಿರುವುದು ಎಲ್ಲಿ? ಮಗು ಹೇಳದಿರುವುದರಲ್ಲಿ. 'ನಾಯಿ ಪರಚಿತೆಂದು ಹೇಳಿದರೆ ಅಪ್ಪ ಹೊಡೆಯುತ್ತಾರೆ, ಮರಿಯನ್ನು ಬಿಟ್ಟುಬರುತ್ತಾರೆ' ಎಂದು ಹೆದರಿ, ಮಗು ಗಾಯವನ್ನು ಅಂಗಿಯ ತೋಳಿನಲ್ಲಿ ಮುಚ್ಚಿಕೊಳ್ಳುತ್ತದೆ. ಮೆಟ್ಟಿಲಡಿಯಲ್ಲಿ ಹೊಲಸನ್ನು ಅಡಗಿಸಿದ ಮರಿಗೂ ತೋಳಿನಡಿಯಲ್ಲಿ ಗಾಯವನ್ನು ಅಡಗಿಸಿದ ಮಗುವಿಗೂ ಗುರು ಒಬ್ಬನೇ. ಅವನ ಹೆಸರು ಭಯ. ಮರಿ ಅಡಗಿಸಿದರೆ ಮನೆ ನಾರೀತು, ಅಷ್ಟೇ. ಮಗು ಅಡಗಿಸಿದರೆ ಪ್ರಾಣವೇ ಹೋದೀತು. ಆದಕಾರಣ ತಾಯಿತಂದೆಯರಲ್ಲಿ ನನ್ನ ಬಿನ್ನಹವಿಷ್ಟೆ: ಇಂದು ಮನೆಗೆ ಹೋದೊಡನೆ ನಿಮ್ಮ ಮಕ್ಕಳಿಗೆ ಸ್ಪಷ್ಟವಾಗಿ ಹೇಳಿಬಿಡಿ: 'ನಾಯಿ ಕಚ್ಚಿದರೆ, ಪರಚಿದರೆ ನಮಗೆ ಹೇಳು, ನಾವು ಬೈಯುವುದಿಲ್ಲ.' ಹೇಳಿದ ಮೇಲೆ ಆ ಮಾತಿಗೆ ತಪ್ಪಬೇಡಿ. ಶಾಲೆಯಲ್ಲಿ ಮಕ್ಕಳನ್ನು ದೈಹಿಕವಾಗಿ ದಂಡಿಸುವುದನ್ನು 2009ರ ಶಿಕ್ಷಣ ಹಕ್ಕು ಕಾಯಿದೆ ನಿಷೇಧಿಸಿದೆ. ಅದು ಕಾಯಿದೆಗೆ ಅಂಜಿ ಮಾತ್ರ ನಡೆಸುವ ವ್ರತವಾಗದೆ, ಅದರ ಹಿಂದಿರುವ ಕಾರಣ ಶಾಲೆಗೂ ಮನೆಗೂ ತಿಳಿಯಲೆಂಬುದೇ ನನ್ನ ಆಶಯ. ವೇದಾಂಗಗಳಲ್ಲಿ ಮೊದಲನೆಯದಾಗಿ ಎಣಿಸಲ್ಪಡುವ 'ಶಿಕ್ಷಾ' ಎಂಬುದರ ಅರ್ಥ ಕಲಿಕೆ. ಅದೇ ಶಬ್ದ ನಮ್ಮ ಬಾಯಲ್ಲಿ 'ಶಿಕ್ಷೆ'ಯಾಗಿ ದಂಡನೆಯ ಅರ್ಥವನ್ನು ಪಡೆದಿದೆ. ಶಬ್ದವನ್ನು ತಿದ್ದುವುದು ನಮ್ಮ ಕೈಯಲ್ಲಿಲ್ಲ, ನಡತೆಯನ್ನು ತಿದ್ದಿಕೊಳ್ಳಬಹುದು.

ಮಕ್ಕಳೇ, ನಿಮಗೂ ಒಂದು ಮಾತು. ಮರಿ ಪೂರ್ತಿಯಾಗಿ ಕಲಿಯಲು ನಾಲ್ಕಾರು ತಿಂಗಳು ಬೇಕು. ಕೆಲವಕ್ಕೆ ಇನ್ನೂ ಹೆಚ್ಚು. ಕಲಿಯಿತೆಂದು ಕಂಡ ಮೇಲೆಯೂ ನಡುನಡುವೆ ತಪ್ಪುತ್ತದೆ. ನೀವೂ ಕಾಗುಣಿತವನ್ನು ಒಂದೇ ದಿನದಲ್ಲಿ ಕಲಿಯಲಿಲ್ಲ. ಅಷ್ಟು ಕಾಲ ದಿನವೂ ಹೊತ್ತಿಗೆ ಸರಿಯಾಗಿ ಏಳುವ, ಮಳೆಯಲ್ಲಿ ನಿಲ್ಲುವ, ಹೇಸದೆ ಶುಚಿ ಮಾಡುವ, ಕೈತೊಳೆಯುವ ಅಭ್ಯಾಸವಾಗುವುದು ಮರಿಗೆ ಮಾತ್ರವೇ? ನಿಮಗೂ ಆಗುತ್ತದೆ. ಅಷ್ಟು ಮಾಡಲಾರೆವು ಎನಿಸಿದರೆ ಮರಿಯನ್ನು ತರಲೇಬೇಡಿ. ಅದು ನಾಚಿಕೆಯ ಮಾತಲ್ಲ. ತಂದ ಮೇಲೆ ಬಿಡಬೇಡಿ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗಳಿಂದ ನರಳುವಂತೆ ಬಿಟ್ಟುಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಕಾಯಿದೆಗಿಂತ ಹಿರಿದಾದ ಪ್ರಮಾಣವೂ ನಮಗುಂಟು. ಪೆಟ್ಟು ತಿಂದ ಮರಿಯ ಕಥೆಯನ್ನು ಆದಿಯಲ್ಲಿ ಹೇಳಿದ ಮಹಾಭಾರತವೇ ಕೊನೆಯಲ್ಲಿ, ಜೊತೆಗೆ ನಡೆದು ಬಂದ ನಾಯಿಯನ್ನು ಬಿಟ್ಟು ಸ್ವರ್ಗದ ರಥವನ್ನು ಏರಲೊಲ್ಲದ ಧರ್ಮರಾಯನನ್ನೂ ತೋರಿಸಿದೆ.